ನಾನು ಮುಟ್ಟಬಾರದ ಮಿಷನ್ನು

ಓಕ್ ಬ್ರೂಕ್, ಬುಧವಾರ

ಶಿಕಾಗೊದಲ್ಲಿ ವಿಮಾನ ಇಳಿದು ಮೂರು ಗಂಟೆ ಆಗಿರಲಿಲ್ಲ, ಅಷ್ಟರಲ್ಲೇ ನನಗೊಂದು ರಿಪೇರಿ ಬಂತು. ತುಮಕೂರಿನಲ್ಲಿ ಗಿರಾಕಿಗಳು ಅಂಗಡಿ ಬಾಗಿಲು ತೆರೆಯುವವರೆಗಾದರೂ ಕಾಯುತ್ತಾರೆ.

ನಾನು ಹೊಲಿಗೆ ಮಿಷನ್ ವ್ಯಾಪಾರಿ. ಹಳೆಯದನ್ನು ಕೊಂಡು, ಬಿಚ್ಚಿ, ತೊಳೆದು, ಓಡಿಸಿ ತೋರಿಸಿ ಮಾರುವುದರಿಂದ ಶುರುಮಾಡಿದವನು. ಯಾವ ಐಟಿಐಗೂ ಹೋಗಲಿಲ್ಲ. ಕೆಟ್ಟ ಮಿಷನ್ನುಗಳೇ ಕಲಿಸಿದವು. ಗಿರಿಜಕ್ಕ ಮೂವತ್ತು ವರ್ಷದಿಂದ ಡೆಟ್ರಾಯಿಟ್ ಪಕ್ಕದ ನಾರ್ತ್‌ವಿಲ್‌ನಲ್ಲಿದ್ದಾಳೆ. ಈ ಸಲ ಹೋಗಿಯೇ ಬಿಡೋಣ ಎಂದು ಹೊರಟೆ. ಟಿಕೆಟ್ ಮಾತ್ರ ಶಿಕಾಗೊಗೆ ತೆಗೆದೆ, ಅಗ್ಗ ಸಿಕ್ಕಿತೆಂದು. ಭೂಪಟದಲ್ಲಿ ಎರಡೂ ಊರು ಒಂದೇ ಕೆರೆಯ ಆಚೆ ಈಚೆ ದಡದ ಹಾಗೆ ಕಾಣುತ್ತಿದ್ದವು. ಅದು ಕೆರೆಯಲ್ಲ, ಸಮುದ್ರದಂಥ ಸರೋವರ. ಸುತ್ತಿಕೊಂಡು ಹೋಗಲು ಕಾರಿನಲ್ಲಿ ಅರ್ಧ ದಿನ ಬೇಕು. ನೀವು ಹೋಗುವುದಾದರೆ ಟಿಕೆಟ್ ತೆಗೆಯುವ ಮುಂಚೆ ಮೈಲಿಯನ್ನೂ ನೋಡಿ.

ಅಕ್ಕನ ಮಗಳು ಅನುಷಾ ಅದೇ ದಿನ ಓಕ್ ಬ್ರೂಕ್‌ನಲ್ಲಿ ಯಾವುದೋ ಮೀಟಿಂಗಿಗೆ ಬಂದಿದ್ದಳು. ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗಿ ಒಂದು ದೊಡ್ಡ ಮಾಲ್‌ನಲ್ಲಿ ಬಿಟ್ಟಳು. ಚಳಿಗೆ ಕೈಗವಸು ಬೇಕಿತ್ತು. ಅಂಗಡಿಯ ಹುಡುಗಿಯನ್ನು, ಎರಡು ಜೊತೆ ತಗೊಂಡರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, ‘ಒಂದರ ಬೆಲೆಯ ಎರಡರಷ್ಟು ಆಗುತ್ತೆ ಸರ್’ ಎಂದಳು. ತಮಾಷೆ ಮಾಡುತ್ತಿರಲಿಲ್ಲ. ನನಗೆ ಲೆಕ್ಕ ಬರುವುದಿಲ್ಲ ಎಂದುಕೊಂಡು ಸಹಾಯ ಮಾಡಿದ್ದಳು.

ಮೀಟಿಂಗ್ ಮುಗಿಸಿ ಬಂದ ಅನುಷಾ ಒಂದು ಟೇಬಲ್ ಹಿಡಿದು ಕೂತು ಫೋನ್ ನನ್ನ ಮುಂದೆ ಇಟ್ಟಳು.

“ಮಾವ, ಯು ಫಿಕ್ಸ್ ಮಷೀನ್ಸ್, ರೈಟ್? ಇದು ನೋಡಿ.”

ವಿಡಿಯೋದಲ್ಲಿ ಅವಳದೇ ಕೈ. ಕೈಯಲ್ಲಿ ಪಿಸ್ತೂಲು. ಕಾಫಿ ಲೋಟ ಕೆಳಗಿಟ್ಟೆ. ಎರಡು ಗುಂಡು ಹಾರಿದವು, ಮೂರನೆಯದಕ್ಕೆ ಮೇಲಿನ ಭಾಗ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಅಂಗೈಯಿಂದ ಗುದ್ದಿದಳು. ಇನ್ನೊಂದು ಹಾರಿತು, ಮತ್ತೆ ಸಿಕ್ಕಿಕೊಂಡಿತು.

“ನಿಂದಾ ಇದು?”

“ಯೆಸ್. ಬ್ರ್ಯಾಂಡ್ ನ್ಯೂ. ಹಿಂಗೇ ಮಾಡ್ತಿದೆ.”

ಅನುಷಾ ಹುಟ್ಟಿದ್ದು ಅಲ್ಲೇ. ಮನೆ ಮಾರಿಸುವ ಏಜೆಂಟು. ಯಾರ ಕೈಕೆಳಗೂ ಇಲ್ಲದೆ ದುಡಿದು ಮೇಲೆ ಬಂದವಳು. ಆ ವಿಷಯದಲ್ಲಿ ಅವಳು ನನ್ನ ಮಗಳೇ. ಕೊಳ್ಳುವವರಿಗೆ ಖಾಲಿ ಮನೆಗಳನ್ನು ಬೀಗ ತೆಗೆದು ತೋರಿಸುವುದು ಕೆಲಸ. ಬೇಸಿಗೆಯಲ್ಲಿ ಡೆಟ್ರಾಯಿಟ್‌ನ ಒಂದು ಮನೆಗೆ ಬಂದ ಒಬ್ಬ ಮನುಷ್ಯ, ಇಬ್ಬರೂ ಒಳಗೆ ಹೋದ ಮೇಲೆ ಬಾಗಿಲಿನ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತು ನಕ್ಕನಂತೆ. ಇವಳು ಅಡುಗೆಮನೆಯ ನಲ್ಲಿಯ ಬಗ್ಗೆ ಏನೇನೋ ಮಾತಾಡುತ್ತಾ ಹಿಂದಿನ ಬಾಗಿಲಿನಿಂದ ಹೊರಗೆ ಬಂದಳಂತೆ.

“ನಥಿಂಗ್ ಹ್ಯಾಪನ್ಡ್, ಮಾವ,” ಎಂದಳು. ಅಷ್ಟು ಹೇಳುವಾಗ ಕಾಗದದ ಲೋಟವನ್ನು ಹಿಂಡಿ ಚಪ್ಪಟೆ ಮಾಡಿದ್ದಳು.

ಅಂದಿನಿಂದ ಅವಳು ಒಬ್ಬಳೇ ಖಾಲಿ ಮನೆಯೊಳಗೆ ಕಾಲಿಟ್ಟಿಲ್ಲ. ತನ್ನ ಅಪ್ಪ, ನಮ್ಮ ಮೂರ್ತಿ ಭಾವನನ್ನು ಕರೆದುಕೊಂಡು ಹೋಗುತ್ತಾಳೆ. ಯಾವ ಮನೆಗೆ ಹೋದರೂ ಅಡುಗೆಮನೆಯಲ್ಲಿ ಕೈಕಟ್ಟಿ ನಿಂತ ಮುದುಕರೊಬ್ಬರು ಕಂಡರೆ ಗಿರಾಕಿಗಳು ಏನೆಂದುಕೊಳ್ಳಬೇಕು? ಗಿರಾಕಿಗಳು ಕಡಿಮೆಯಾದರು. ಕೊನೆಗೆ ಪಿಸ್ತೂಲು ಕೊಂಡಳು. ಮೈಮೇಲೆ ಇಟ್ಟುಕೊಂಡು ಓಡಾಡಲು ಲೈಸೆನ್ಸ್ ಬೇಕು, ಅದಕ್ಕೆ ಒಂದು ದಿನದ ತರಗತಿ, ಅದರಲ್ಲಿ ಗುಂಡು ಹೊಡೆದು ತೋರಿಸಬೇಕು. ತರಗತಿ ಭಾನುವಾರ.

“ಅವರದ್ದೇ ಒಂದು ಪಿಸ್ತೂಲು ಇಸ್ಕೊಂಡು ಹೊಡೆದ್ರೆ ಆಗಲ್ವಾ?”

“ಆಗುತ್ತೆ. ಬಟ್ ಆಮೇಲೆ ನನ್ನ ಹತ್ರ ಇರೋದು ಇದೇ ತಾನೆ? ಇದನ್ನ ನಾನು ಟ್ರಸ್ಟ್ ಮಾಡಲ್ಲ.” ಫೋನ್ ಎತ್ತಿಟ್ಟುಕೊಂಡು ಹೇಳಿದಳು: “ಅಮ್ಮ ಡೆಡ್‌ಲೈನ್ ಕೊಟ್ಟಿದಾರೆ. ಭಾನುವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಇದನ್ನ ಮಾರಿ, ಈ ಕೆಲಸಾನೂ ಬಿಟ್ಟು ಆಫೀಸ್ ಜಾಬ್. ನಾನು ಓಕೆ ಅಂದಿದೀನಿ.”

ಅವಳು ಓಕೆ ಅಂದದ್ದೇ ನನಗೆ ಸರಿಕಾಣಲಿಲ್ಲ. ಅಕ್ಕ ಬಿಡು ಎಂದದ್ದನ್ನು ಅವಳು ಎಂದೂ ಬಿಟ್ಟವಳಲ್ಲ.

ನಾರ್ತ್‌ವಿಲ್, ಬುಧವಾರ ಸಂಜೆ

ನಾರ್ತ್‌ವಿಲ್‌ನಲ್ಲಿ ಮನುಷ್ಯರಿಗಿಂತ ಗ್ಯಾರೇಜ್ ಬಾಗಿಲುಗಳೇ ಹೆಚ್ಚು ಕಾಣುತ್ತವೆ. ಕಾರು ಹತ್ತಿರ ಬಂದರೆ ಬಾಗಿಲು ತಾನೇ ಏಳುತ್ತದೆ, ಕಾರು ಒಳಗೆ ಹೋದರೆ ತಾನೇ ಇಳಿಯುತ್ತದೆ. ಒಳಗಿದ್ದವರ ಮುಖ ನೋಡಬೇಕಾದರೆ ಮದುವೆಗೇ ಕರೆಯಬೇಕೇನೋ. ಎದುರು ಮನೆಯವನು ಬೆನ್ನಿಗೆ ಒಂದು ಯಂತ್ರ ಕಟ್ಟಿಕೊಂಡು ಉದುರಿದ ಎಲೆಗಳನ್ನು ಊದುತ್ತಿದ್ದ. ಎಲೆಗಳು ಪಕ್ಕದ ಮನೆಯ ಹುಲ್ಲಿಗೆ ಹೋದವು. ಪಕ್ಕದವನೂ ಊದಿದ. ಒಂದು ಪೊರಕೆ ಇದ್ದಿದ್ದರೆ ಇಬ್ಬರ ಕೆಲಸವೂ ಮುಗಿಯುತ್ತಿತ್ತು.

ಅಕ್ಕ ಅಪ್ಪಿಕೊಂಡಳು, ಅತ್ತಳು, ತಟ್ಟೆ ಹಾಕಿದಳು. ಊಟದ ನಡುವೆ ನಾನು ಪಿಸ್ತೂಲಿನ ಮಾತೆತ್ತಿದೆ.

“ಊಟದ ಹೊತ್ತಲ್ಲಿ ಅದರ ಹೆಸರೆತ್ತಬೇಡ ರಾಜು.”

“ಎಲ್ಲಿದೆ ಅದು?”

“ಗ್ಯಾರೇಜಲ್ಲಿ. ದೇವರ ಮನೆ ಇರೋ ಮನೆಯೊಳಗೆ ಅದು ಬರಕೂಡದು ಅಂತ ಹೇಳಿದೀನಿ. ಹುಲ್ಲು ಕತ್ತರಿಸೋ ಮಿಷನ್ ಪಕ್ಕ ಇರ್ಲಿ.”

ಊಟವಾದ ಮೇಲೆ ಭಾವ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋದರು. ಅವರು ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದು ರಿಟೈರಾದವರು. ಸ್ಕ್ರೂಡ್ರೈವರ್‌ಗಳನ್ನು ಅಳತೆಯ ಪ್ರಕಾರ ಗೋಡೆಗೆ ನೇತುಹಾಕಿದ್ದರು. ಬೀಗ ತೆಗೆದು ಪೆಟ್ಟಿಗೆ ಬಿಚ್ಚಿದರು. ಕಪ್ಪು ಸ್ಪಂಜಿನ ಮೇಲೆ ಪಿಸ್ತೂಲು ಮಲಗಿತ್ತು. ನಾನು ಕೈ ಚಾಚಿದೆ.

“ಮುಟ್ಟಬೇಡ!” ಭಾವ ಕೂಗಿದ ರಭಸಕ್ಕೆ ಅದು ಹಾರಿಯೇ ಬಿಟ್ಟಿತೇನೋ ಅನ್ನಿಸಿತು. “ಗುಂಡು ಇಲ್ಲ ಅದರಲ್ಲಿ. ಆದ್ರೆ ನೀನು ವಿಸಿಟರ್ ವೀಸಾದಲ್ಲಿ ಬಂದಿದೀಯ. ಈ ದೇಶದಲ್ಲಿ ನಿನ್ನಂಥೋರು ಬಂದೂಕು ಹಿಡಿಯೋದು ಅಪರಾಧ.”

“ರಿಪೇರಿಗೂ?”

“ರಿಪೇರಿಗೂ.”

“ಬರೀ ಗುಂಡು?”

“ಗುಂಡೂ ಮುಟ್ಟಬಾರದು.”

“ಬಾಯಲ್ಲಿ ಹೇಳಬಹುದಾ?”

ಬಾಗಿಲಲ್ಲಿ ನಿಂತಿದ್ದ ಅಕ್ಕ ಹೇಳಿದಳು: “ನಿನ್ನ ಬಾಯಿಗೆ ಕಾನೂನು ಹಾಕೋ ದೇಶ ಇನ್ನೂ ಹುಟ್ಟಿಲ್ಲ.”

ಹದಿನೇಳನೇ ವಯಸ್ಸಿನಿಂದ ಸ್ಪ್ರಿಂಗು, ಶಟಲ್ಲು, ಬಾಬಿನ್ನು ಬಿಚ್ಚಿದ ಕೈ ಇದು. ಕಣ್ಣುಮುಚ್ಚಿ ಸೂಜಿ ಬದಲಿಸುತ್ತೇನೆ. ಅಂಥವನ ಎದುರು ಒಂದು ಮಿಷನ್ನನ್ನು ಬಿಚ್ಚಿಟ್ಟು, ಮುಟ್ಟದೆ ಸರಿಮಾಡು ಎಂದರೆ ಹೇಗೆ? ಭಾನುವಾರದವರೆಗಿನ ನಾಲ್ಕು ದಿನ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಅಮೆರಿಕ ನೋಡಿದೆ.

ಭಾವ ಬಿಚ್ಚಿ ವಿವರಿಸಿದರು. ಒಂದು ಗುಂಡು ಹಾರಿದಾಗ ಅದರ ಒದೆತಕ್ಕೆ ಮೇಲಿನ ಭಾಗ, ಅದಕ್ಕೆ ಸ್ಲೈಡ್ ಎನ್ನುತ್ತಾರೆ, ಹಿಂದಕ್ಕೆ ಜಾರುತ್ತದೆ; ಹಿಂದೆ ಹೋಗುವಾಗ ಖಾಲಿ ಚಿಪ್ಪನ್ನು ಹೊರಗೆ ಎಸೆಯುತ್ತದೆ; ಸ್ಪ್ರಿಂಗ್ ಅದನ್ನು ಮುಂದಕ್ಕೆ ತಳ್ಳುವಾಗ ಹಿಡಿಯೊಳಗಿನ ಮ್ಯಾಗಜೀನ್ ಎಂಬ ಗುಂಡಿನ ಡಬ್ಬಿಯಿಂದ ಹೊಸ ಗುಂಡನ್ನು ಎತ್ತಿ ಜಾಗದಲ್ಲಿ ಕೂರಿಸುತ್ತದೆ. ಸೂಜಿ ಇಳಿದು ದಾರ ಹಿಡಿದು ಮೇಲೆ ಬರುವ ಹಾಗೆ ಒಂದು ಸುತ್ತು. ಈ ಸುತ್ತು ನಡುವೆ ಎಲ್ಲೋ ಸೋಮಾರಿಯಾಗುತ್ತಿತ್ತು. ಒಮ್ಮೆ ಖಾಲಿ ಚಿಪ್ಪು ಹೊರಗೆ ಹಾರದೆ ಬಾಯಲ್ಲೇ ಕಚ್ಚಿಕೊಳ್ಳುತ್ತಿತ್ತು, ಒಮ್ಮೆ ಹೊಸ ಗುಂಡು ಪೂರ್ತಿ ಕೂರುತ್ತಿರಲಿಲ್ಲ.

“ಎಲ್ಲಾ ಬರೆದಿಟ್ಟಿದೀನಿ,” ಎಂದು ಭಾವ ಲ್ಯಾಪ್‌ಟಾಪ್ ತೆರೆದರು. ಯಾವ ತಾರೀಖು, ಯಾವ ಗುಂಡು, ಎಷ್ಟನೆಯದಕ್ಕೆ ನಿಂತಿತು, ಯಾವ ರೀತಿ ನಿಂತಿತು, ಎಲ್ಲಕ್ಕೂ ಒಂದೊಂದು ಬಣ್ಣ.

“ಏನು ಗೊತ್ತಾಯ್ತು ಭಾವ ಇದರಿಂದ?”

“ಡೇಟಾ ಇನ್ನೂ ಸಾಲದು.”

ಸ್ಟರ್ಲಿಂಗ್ ಹೈಟ್ಸ್, ಗುರುವಾರ ಮತ್ತು ಶುಕ್ರವಾರ

ಪಿಸ್ತೂಲು ಕೊಂಡ ಅಂಗಡಿ ಭಾವನ ಹಳೆಯ ಕಾರ್ಖಾನೆಯ ಹತ್ತಿರ. ಮುಂದೆ ಅಂಗಡಿ, ಹಿಂದೆ ಗುಂಡು ಹೊಡೆಯುವ ಉದ್ದನೆಯ ಹಾಲ್. ಪೆಟ್ಟಿಗೆಗೆ ಬೀಗ ಹಾಕಿ ಡಿಕ್ಕಿಯಲ್ಲಿಟ್ಟುಕೊಂಡು ಒಂದು ಗಂಟೆ ಹೋದೆವು. ಕೌಂಟರಿನಲ್ಲಿ ಡೇಲ್ ಎಂಬ ದಪ್ಪ ಮನುಷ್ಯ ನನ್ನ ಪಾಸ್‌ಪೋರ್ಟ್ ತಿರುಗಿಸಿ ನೋಡಿ, ನೆಲದ ಮೇಲಿನ ಹಳದಿ ಗೆರೆ ತೋರಿಸಿ, ನೀವು ಇದರ ಹಿಂದೆ ನಿಲ್ಲಬಹುದು, ಕೈ ಜೇಬಿನಲ್ಲಿರಲಿ ಎಂದ. ಬಹಳ ಮರ್ಯಾದೆಯಿಂದ ಹೇಳಿದ. ಅಲ್ಲಿಯ ಜನ ಬಾಗಿಲು ಮುಚ್ಚುವುದನ್ನೂ ಮರ್ಯಾದೆಯಿಂದಲೇ ಮಾಡುತ್ತಾರೆ.

ಕಿವಿಗೆ ಸದ್ದು ತಡೆಯುವ ದೊಡ್ಡ ಚಿಪ್ಪುಗಳನ್ನು ಹಾಕಿಕೊಂಡು ನಿಂತೆ. ಅನುಷಾ ಮೊದಲ ಮ್ಯಾಗಜೀನ್ ಹಾಕಿದಳು. ಹತ್ತು ಗುಂಡಿಗೆ ನಾಲ್ಕು ಸಲ ನಿಂತಿತು. ಎರಡನೆಯದರಲ್ಲಿ ಒಂದು ಸಲ. ಮೂರನೆಯದು ಸಲೀಸಾಗಿ ಹೋಯಿತು.

“ನೋಡಿದಿರಾ? ಹೊಸ ಗನ್ನು, ಪಳಗಬೇಕು,” ಎಂದ ಡೇಲ್. “ಇನ್ನೂ ಕೆಲವು ನೂರು ಗುಂಡು ಹೊಡೆಯಲಿ.”

ನಾನು ಅನುಷಾಳನ್ನು ಮುಂದೆ ಬಿಟ್ಟುಕೊಂಡು ವ್ಯಾಪಾರಕ್ಕಿಳಿದೆ. ಕೆಟ್ಟ ಮಾಲು ವಾಪಸ್ ತಗೊಂಡು ಬೇರೆ ಕೊಡಿ ಎಂದೆ. ಮಾರಿದ ಬಂದೂಕು ವಾಪಸ್ ತೆಗೆದುಕೊಳ್ಳುವುದಿಲ್ಲ, ಬೇಕಾದರೆ ಕಂಪನಿಗೆ ಕಳಿಸುತ್ತೇನೆ, ಬರಲು ವಾರಗಟ್ಟಲೆ ಆಗುತ್ತದೆ ಎಂದ. ನಾನು ಮಾರಿದ ಮಿಷನ್ ನಿಂತರೆ ನಾನೇ ಸೈಕಲ್ ಹತ್ತಿ ಗಿರಾಕಿಯ ಮನೆಗೆ ಹೋಗುತ್ತಿದ್ದೆ ಎಂದೆ. ಒಳ್ಳೆಯ ಕೆಲಸ ಸರ್ ಎಂದ. ಅಲ್ಲಿಗೆ ಮುಗಿಯಿತು.

ಓದುಗರಿಗೆ ಇಲ್ಲೊಂದು ಮಾತು. ಅಮೆರಿಕದ ಅಂಗಡಿಗಳಲ್ಲಿ ಬೆಲೆ ಇಳಿಸಿ ಎಂದು ಕೇಳಬೇಡಿ, ಅವರಿಗೆ ಅದು ಅರ್ಥವೇ ಆಗುವುದಿಲ್ಲ. ‘ಇದರ ಜೊತೆ ಏನು ಬರುತ್ತೆ?’ ಎಂದು ಕೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ನಿಂತುಬಿಡಿ. ಅವರಿಗೆ ಎದುರಿನವರು ಮಾತಾಡದಿದ್ದರೆ ತಡೆಯುವುದಿಲ್ಲ. ನಾನು ನಿಂತೆ. ಡೇಲ್ ಗಡ್ಡ ಕೆರೆದುಕೊಂಡ, ಹವಾಮಾನದ ಬಗ್ಗೆ ಹೇಳಿದ, ಕೊನೆಗೆ ಕಪಾಟಿನಿಂದ ಒಂದು ಕ್ಲೀನಿಂಗ್ ಕಿಟ್ ತೆಗೆದು ಅನುಷಾಳ ಕೈಗೆ ಸುಮ್ಮನೆ ಕೊಟ್ಟ. ಭಾವ ಮೂವತ್ತು ವರ್ಷದಲ್ಲಿ ಆ ದೇಶದಲ್ಲಿ ಒಂದು ಬೋಲ್ಟನ್ನೂ ಪುಕ್ಕಟೆ ಪಡೆದಿರಲಿಲ್ಲವಂತೆ.

ಶುಕ್ರವಾರ ಬೇರೆ ಜಾತಿಯ ಗುಂಡು ಕೊಂಡೆವು. ಅಗ್ಗದ ಗುಂಡಿಗೆ ಒದೆತ ಸಾಲದೆ ಹೀಗಾಗುತ್ತದೆ ಎಂದು ಡೇಲ್ ಹೇಳಿದ್ದ. ಮತ್ತೆ ಅದೇ ಕಥೆ. ಮೊದಲ ಮ್ಯಾಗಜೀನ್ ಕುಂಟಿತು, ಮೂರನೆಯದು ಓಡಿತು. ಪಳಗುವುದಾದರೆ ನಿನ್ನೆ ಪಳಗಿದ್ದು ಇವತ್ತು ಮರೆತುಹೋಯಿತೇ? ಮ್ಯಾಗಜೀನನ್ನೂ ಶುರುವಿನಲ್ಲೇ ಬದಲಿಸಿದ್ದೆವು, ಆದರೂ ಅದೇ. ಅಷ್ಟರಲ್ಲಿ ಪಕ್ಕದಲ್ಲಿ ಹೊಡೆಯುತ್ತಿದ್ದವನೊಬ್ಬ ಬಂದು, ಹಿಡಿತ ಸಡಿಲವಾದರೆ ಹೀಗೆ ಆಗುತ್ತದೆ, ಹುಡುಗಿಯರ ಮಣಿಕಟ್ಟು ಮೃದು ಎಂದು ಬೋಧಿಸಿದ. ಡೇಲ್ ಕೂಡ ತಲೆಯಾಡಿಸಿದ. ಭಾವ ಲ್ಯಾಪ್‌ಟಾಪಿನಲ್ಲಿ ಹೊಸ ಕಾಲಂ ತೆರೆದು ‘ಗ್ರಿಪ್’ ಎಂದು ಬರೆದುಕೊಂಡರು.

ಅನುಷಾ ಪಿಸ್ತೂಲನ್ನು ಖಾಲಿ ಮಾಡಿ ಮೇಜಿನ ಮೇಲಿಟ್ಟು ಹೊರಗೆ ನಡೆದಳು. ನಾನು ಹಿಂದೆ ಹೋದೆ. ಕಾರಿಗೆ ಒರಗಿ ನಿಂತಿದ್ದಳು.

“ಎವ್ರಿಬಡಿ ಸೇಸ್ ಇಟ್ಸ್ ಮೈ ಹ್ಯಾಂಡ್, ಮಾವ. ಮೇ ಬಿ ಇಟ್ ಈಸ್. ಅಮ್ಮನೇ ಕರೆಕ್ಟೇನೋ.”

ಹೆಂಗಸರು ಅಂಗಡಿಗೆ ಬಂದು, ಅಣ್ಣಾ, ದಾರ ಕಿತ್ತುಹೋಗುತ್ತೆ ಎಂದಾಗಲೆಲ್ಲ ನಾನು ಮೊದಲು ಹೇಳುವ ಮಾತು ‘ನೀವು ಪೆಡಲ್ ತುಳಿಯೋದು ಸರಿಯಿಲ್ಲಮ್ಮ’ ಎಂದೇ. ಮಿಷನ್ ನೋಡುವುದು ಆಮೇಲೆ. ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ! ಎಷ್ಟು ಜನ ನನ್ನ ಮಾತು ನಂಬಿ, ಮಿಷನ್ನನ್ನು ಮತ್ತೆ ತಲೆಯ ಮೇಲೆ ಹೊತ್ತುಕೊಂಡು ಹೋದರೋ.

“ಕೈ ತೋರಿಸು,” ಎಂದೆ.

ಅಂಗೈ ಚಾಚಿದಳು. ಮಸಿಯಾಗಿತ್ತು. ನಾನು ಬಗ್ಗಿ ನೋಡುವಾಗ ಒಂದು ವಾಸನೆ ಬಂತು. ಸಿಡಿಮದ್ದಿನ ವಾಸನೆಯ ಕೆಳಗೆ ಇನ್ನೊಂದು, ಬೆಚ್ಚಗಿನದು, ಪರಿಚಯದ್ದು.

“ತಲೆಗೆ ಎಣ್ಣೆ ಹಚ್ಚಿದೀಯಾ?”

“ವಾಟ್? ನೋ! ನಾನು ಎಣ್ಣೆ ಹಚ್ಚಲ್ಲ.”

ನಾರ್ತ್‌ವಿಲ್, ಶನಿವಾರ

ಬೆಳಿಗ್ಗೆ ಎದ್ದವನೇ ಭಾವನ ಲ್ಯಾಪ್‌ಟಾಪ್ ಮುಂದೆ ಕೂತೆ. ಬಣ್ಣಗಳನ್ನು ಬಿಟ್ಟು ಒಂದೇ ಸಾಲು ನೋಡಿದೆ: ಎಷ್ಟನೆಯ ಗುಂಡಿಗೆ ನಿಂತಿತು. ಎರಡು, ನಾಲ್ಕು, ಏಳು, ಎಂಟು, ಹನ್ನೊಂದು. ಎರಡು, ಐದು, ಒಂಬತ್ತು. ಪ್ರತಿ ದಿನವೂ ನಿಂತದ್ದೆಲ್ಲ ಶುರುವಿನಲ್ಲೇ. ಇಪ್ಪತ್ತು ದಾಟಿದ ಮೇಲೆ ಒಂದೂ ಇಲ್ಲ.

“ಭಾವ, ಇದು ತಣ್ಣಗಿದ್ದಾಗ ನಿಲ್ಲುತ್ತೆ, ಬಿಸಿಯಾದ ಮೇಲೆ ಓಡುತ್ತೆ. ಚಳಿಗಾಲದ ಬೆಳಿಗ್ಗೆ ನನ್ನ ಹತ್ರ ಬರೋ ಮಿಷನ್ನುಗಳು ಹಿಂಗೇ. ಹನ್ನೊಂದು ಗಂಟೆಗೆ ಬಿಸಿಲು ಬಂದ್ರೆ ತಾವೇ ಸರಿಹೋಗ್ತವೆ, ರಿಪೇರಿ ದುಡ್ಡು ಕೊಡೋಕೆ ಜನ ಜಗಳ ಆಡ್ತಾರೆ.”

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮದೇ ಕೋಷ್ಟಕ ತಮಗೇ ಕಾಣದೆಹೋದ ಬೇಸರ.

ಗ್ಯಾರೇಜಿಗೆ ಹೋದೆವು. ಗೋಡೆಯ ಥರ್ಮಾಮೀಟರ್ ನಲವತ್ತೊಂದು ತೋರಿಸುತ್ತಿತ್ತು. ಅವರ ಲೆಕ್ಕದ ನಲವತ್ತೊಂದು, ನಮ್ಮ ಫ್ರಿಜ್ಜಿನೊಳಗಿನ ಚಳಿ. ಅನುಷಾ ಮ್ಯಾಗಜೀನ್ ತೆಗೆದು, ಒಳಗೆ ಗುಂಡಿಲ್ಲವೆಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ಸ್ಲೈಡ್ ಬಿಚ್ಚಿ ತಿರುಗಿಸಿದಳು. ಅದು ಜಾರುವ ಹಳಿಯಲ್ಲಿ ಕಾರ್ಖಾನೆಯಿಂದ ಬಂದ ಕಂದು ಗ್ರೀಸು ಹಾಗೇ ಇತ್ತು. ಅದರ ಮೇಲೆ ಮೇಣದ ಹಾಗೆ ಬಿಳಿಯದು. ಕಾಗದದಿಂದ ಒರೆಸಿಸಿದೆ. ಬಿಳಿಯದರಲ್ಲಿ ಅಲ್ಲಲ್ಲಿ ಕೆಂಪು.

“ರಸ್ಟ್?” ಎಂದಳು ಅನುಷಾ.

ಹೊಸ ಪಿಸ್ತೂಲಿಗೆ ತುಕ್ಕೆಲ್ಲಿಂದ ಬರಬೇಕು? ಆ ಕಾಗದವನ್ನು ಮುಟ್ಟಲು ನನಗೆ ಯಾವ ಕಾನೂನೂ ಅಡ್ಡಿಯಿರಲಿಲ್ಲ. ಬೆರಳ ನಡುವೆ ಹಿಡಿದೆ. ಎರಡು ಕ್ಷಣಕ್ಕೆ ಕರಗಿತು. ಮೂಗಿಗೆ ಹಿಡಿದೆ.

“ಅಕ್ಕಾ!” ಎಂದು ಕೂಗಿದೆ.

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

“ಆಯುಧಪೂಜೆ ಮಾಡಿದ್ಯಾ?”

“ಮಾಡ್ದೇ ಇರ್ತೀನಾ? ಎರಡು ಕಾರಿಗೆ, ಹುಲ್ಲಿನ ಮಿಷನ್ನಿಗೆ, ಮಿಕ್ಸಿಗೆ, ನಿಮ್ಮ ಭಾವನ ಲ್ಯಾಪ್‌ಟಾಪಿಗೆ.”

“ಇದಕ್ಕೆ?”

ಅಕ್ಕ ಮಗಳ ಮುಖ ನೋಡಲಿಲ್ಲ. “ಮನೇಲಿ ನಿಜವಾದ ಆಯುಧ ಅಂತ ಇರೋದು ಅದೊಂದೇ. ಅದನ್ನ ಬಿಟ್ಟು ಮಿಕ್ಸಿಗೆ ಕುಂಕುಮ ಇಟ್ರೆ ಏನು ಚೆನ್ನಾಗಿರುತ್ತೆ? ಇವರೇ ಪೆಟ್ಟಿಗೆ ತೆಗೆದುಕೊಟ್ರು.”

ಭಾವ ಸ್ಕ್ರೂಡ್ರೈವರ್‌ಗಳನ್ನು ಎಣಿಸತೊಡಗಿದರು.

“ಎಣ್ಣೆ?”

“ಒಣಗಿದ ಹಾಗಿತ್ತು. ಹಳೇ ಕಾಲದಲ್ಲಿ ಅಪ್ಪ ಕತ್ತಿಗೆ ಎಣ್ಣೆ ಸವರಿ ಪೂಜೆಗಿಡ್ತಿರಲಿಲ್ವಾ? ಹಂಗೇ ಎರಡು ಬೆರಳು ಸವರಿದೆ. ಆ ಎಳೆಯೋದನ್ನ ಎಳೆದು ಒಳಗೂ ಸ್ವಲ್ಪ. ಶುದ್ಧ ಕೊಬ್ಬರಿ ಎಣ್ಣೆ.”

“ಅಮ್ಮಾ!” ಎಂದಳು ಅನುಷಾ. “ಯು ಹೇಟ್ ದಿಸ್ ಥಿಂಗ್!”

“ಹೇಟ್ ಮಾಡ್ತೀನಿ ಕಣೆ. ಆದ್ರೆ ಅದು ನಿನ್ನ ಕೈಗೆ ಹೋಗೋದು. ನಿನ್ನ ಕೈಗೆ ಹೋಗೋದು ಹೊತ್ತಿಗೆ ಕೈಕೊಡಬಾರದು ಅಂತ ಸವರಿದೆ.”

ನನಗೆ ನಗು ಬಂತು, ಸಿಟ್ಟೂ ಬಂತು. ಕೊಬ್ಬರಿ ಎಣ್ಣೆ ಹಾಕಿ ಕೆಡಿಸಿದ ಹೊಲಿಗೆ ಮಿಷನ್ನುಗಳು ನನ್ನ ಅರ್ಧ ಜೀವನ ನಡೆಸಿವೆ. ಮಿಷನ್ ಎಣ್ಣೆ ಮುಗಿದಿದೆ, ಮನೆಯಲ್ಲಿರುವುದೇ ಆಗಲಿ ಎಂದು ಹಾಕುತ್ತಾರೆ. ನಮ್ಮೂರಿನಲ್ಲಿ ಧನುರ್ಮಾಸದ ಬೆಳಿಗ್ಗೆಯಷ್ಟೇ ಗಟ್ಟಿಯಾಗುವ ಆ ಎಣ್ಣೆ ಈ ಗ್ಯಾರೇಜಿನಲ್ಲಿ ಇಡೀ ದಿನ ಮೇಣದಬತ್ತಿ. ಅಂಥದ್ದನ್ನು ಹುಡುಕಿಕೊಂಡು, ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕಿದ ಪಲ್ಯ ತಿನ್ನುತ್ತಾ, ಎರಡು ದಿನ ಮನೆಗೂ ಅಂಗಡಿಗೂ ಅಲೆದೆವು.

ಸ್ಟೂಲಿನ ಮೇಲೆ ಕೂತು, ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ನಾನು ಹೇಳಿದೆ, ಅನುಷಾ ಮಾಡಿದಳು. ಪಕ್ಕದಲ್ಲಿ ಪಿಸ್ತೂಲಿನ ಜೊತೆ ಬಂದ ಪುಸ್ತಕ ತೆರೆದಿತ್ತು. ಕಂಪನಿಯ ಗ್ರೀಸನ್ನು ಮೊದಲ ಸಲ ಹೊಡೆಯುವ ಮುಂಚೆಯೇ ಒರೆಸಬೇಕೆಂದು ಅದರ ಮೊದಲ ಪುಟಗಳಲ್ಲೇ ಬರೆದಿತ್ತು. ಇಂಜಿನಿಯರಾದ್ದರಿಂದ ಭಾವ ಅದನ್ನು ಓದಿರಲಿಲ್ಲ. ಪುಕ್ಕಟೆ ಬಂದ ಕಿಟ್ಟಿನ ದ್ರಾವಣದಿಂದ ಹಳಿ, ಸ್ಪ್ರಿಂಗು, ನಳಿಗೆ, ಚಿಪ್ಪನ್ನು ಹಿಡಿದೆಳೆಯುವ ಸಣ್ಣ ಕೊಕ್ಕೆ, ಎಲ್ಲ ಒರೆಸಿದಳು. ಕೊಕ್ಕೆಯ ಕೆಳಗೆ ಒಂದು ಅಕ್ಷತೆ ಕಾಳು ಸಿಕ್ಕಿತು. ಪುಸ್ತಕದಲ್ಲಿ ಹೇಳಿದ ಜಾಗಗಳಿಗೆ ಮಾತ್ರ ಒಂದೊಂದು ಹನಿ ಬಂದೂಕಿನ ಎಣ್ಣೆ.

“ಇನ್ನೊಂದು ಹನಿ?” ಎಂದಳು.

“ಬೇಡ. ಹೆಚ್ಚಾದ ಎಣ್ಣೆ ಧೂಳು ಹಿಡಿಯುತ್ತೆ.”

ಕೈ ಚಾಚಬೇಕೆನಿಸಿದಾಗಲೆಲ್ಲ ತೊಡೆಯ ಕೆಳಗೆ ಬೆರಳು ಜುಮ್ಮೆನ್ನುತ್ತಿತ್ತು.

ಸ್ಟರ್ಲಿಂಗ್ ಹೈಟ್ಸ್, ಭಾನುವಾರ

ತರಗತಿ ನಡೆಸಿದವರು ಲೊರೇನ್ ಎಂಬ ಕಪ್ಪು ಹೆಂಗಸು, ಡೆಟ್ರಾಯಿಟ್‌ನಲ್ಲಿ ಬಸ್ ಓಡಿಸಿ ರಿಟೈರಾದವರು. ನನ್ನನ್ನೂ ಭಾವನನ್ನೂ ಹಿಂದಿನ ಕುರ್ಚಿಗಳಲ್ಲಿ ಕೂರಲು ಬಿಟ್ಟರು. ಮಧ್ಯಾಹ್ನದವರೆಗೆ ಬರೀ ಕಾನೂನು: ಯಾವಾಗ ಹೊಡೆಯಬಾರದು, ಎಲ್ಲಿ ಹೊಡೆಯಬಾರದು. ಹೊಡೆಯುವುದಕ್ಕಿಂತ ಹೊಡೆಯದಿರುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ಆಮೇಲೆ ಹಳದಿ ಗೆರೆ. ಅನುಷಾ ಮೊದಲ ಮ್ಯಾಗಜೀನ್ ಹಾಕಿದಳು. ನಾನು ಎಣಿಸಿದೆ. ಹತ್ತೂ ಹಾರಿದವು. ಎರಡನೆಯದೂ. ಪಿಸ್ತೂಲು ಹೊಸ ಶಟಲ್ ಹಾಕಿದ ಮಿಷನ್ನಿನ ಹಾಗೆ ಓಡಿತು. ಭಾವ ಲ್ಯಾಪ್‌ಟಾಪಿನಲ್ಲಿ ಸೊನ್ನೆ ಬರೆದರು. ಅನುಷಾ ತಿರುಗಿ ನನ್ನ ಕಡೆ ನೋಡಿ ನಕ್ಕಳು.

ಆಗ ಲೊರೇನ್ ಅವಳ ಮ್ಯಾಗಜೀನ್ ಇಸಿದುಕೊಂಡು, ಅವಳಿಗೆ ಬೆನ್ನು ತಿರುಗಿಸಿ, ಗುಂಡುಗಳ ನಡುವೆ ಏನೋ ಕೆಂಪು ಪ್ಲಾಸ್ಟಿಕ್ಕಿನದನ್ನು ತುಂಬಿ ವಾಪಸ್ ಕೊಟ್ಟರು. ಮೂರನೆಯ ಹೊಡೆತಕ್ಕೆ ಪಿಸ್ತೂಲು ಸುಮ್ಮನಾಯಿತು. ಅದು ಹಾರದ ನಕಲಿ ಗುಂಡು.

ನನ್ನ ತಾಳ್ಮೆ ತಪ್ಪಿತು. ಗೆರೆಯ ಹಿಂದಿನಿಂದಲೇ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕೂಗಿದೆ: “ಮೇಡಂ, ನಾಲ್ಕು ದಿನ ಒದ್ದಾಡಿ ಸರಿಮಾಡಿದ್ದೀವಿ. ನೀವು ಬೇಕೂಂತಲೇ ನಿಲ್ಲಿಸ್ತೀರಲ್ಲ!”

ಲೊರೇನ್ ಕಿವಿಯ ಚಿಪ್ಪು ಒಂದು ಬದಿಗೆ ಸರಿಸಿದರು. “ಬಸ್ ಎಷ್ಟೇ ಚೆನ್ನಾಗಿ ಸರ್ವಿಸ್ ಮಾಡಿಸಿದ್ರೂ ಒಂದು ದಿನ ರಸ್ತೆ ಮಧ್ಯೆ ನಿಂತಿದೆ ಸರ್. ಆವತ್ತು ಮೆಕ್ಯಾನಿಕ್ ನನ್ನ ಪಕ್ಕ ಇರಲಿಲ್ಲ.” ಅನುಷಾಳ ಕಡೆ ತಿರುಗಿದರು. “ನೀನೇ ಏನು ಮಾಡ್ತೀಯ?”

ಮೊದಲ ಸಲ ಅನುಷಾ ಗಾಬರಿಯಾಗಿ ಪಿಸ್ತೂಲನ್ನು ದಿಟ್ಟಿಸಿದಳು. ಲೊರೇನ್ ತೋರಿಸಿಕೊಟ್ಟರು: ಮೂತಿ ಗುರಿಯ ಕಡೆಗೇ ಇರಲಿ, ಮ್ಯಾಗಜೀನ್ ತಳಕ್ಕೆ ಒಂದು ಏಟು, ಸ್ಲೈಡ್ ಪೂರ್ತಿ ಹಿಂದಕ್ಕೆ ಎಳೆದು ಬಿಡು, ಮತ್ತೆ ನೋಡು. ಎರಡನೆಯ ಸಲ ತಡವರಿಸಿದಳು. ಐದನೆಯ ಸಲ ಪಿಸ್ತೂಲು ನಿಂತದ್ದೂ ಅವಳ ಕೈ ಆಡಿದ್ದೂ ಒಟ್ಟಿಗೇ ಆಯಿತು. ಕಣ್ಣು ಗುರಿಯಿಂದ ಕದಲಲಿಲ್ಲ.

ಸಂಜೆ ತರಗತಿ ಪಾಸಾದ ಕಾಗದ ಕೊಟ್ಟರು. ಮನೆಯಲ್ಲಿ ಅಕ್ಕ ಅದನ್ನು ಓದಿ, ಮಡಿಚಿ, ಮಗಳಿಗೆ ವಾಪಸ್ ಕೊಟ್ಟಳು. “ಸರಿ. ನಾನು ಮಾತಿಗೆ ತಪ್ಪಲ್ಲ,” ಎಂದಳು. ಪೆಟ್ಟಿಗೆ ಅಂದಿನಿಂದ ಮನೆಯೊಳಗಿನ ಬೆಚ್ಚಗಿನ ಕಪಾಟಿಗೆ ಬಂತು. ದೇವರ ಮನೆಯಿಂದ ಆದಷ್ಟೂ ದೂರ, ಬೀಗದಲ್ಲಿ.

ಡೆಟ್ರಾಯಿಟ್, ಸೋಮವಾರ

ತರಗತಿಯ ಕಾಗದ ಲೈಸೆನ್ಸ್ ಅಲ್ಲವಂತೆ. ಅದನ್ನಿಟ್ಟು ಕೌಂಟಿ ಕಚೇರಿಗೆ ಅಪ್ಲೈ ಮಾಡಬೇಕು, ಬೆರಳಚ್ಚು ಕೊಡಬೇಕು, ಕಾಯಬೇಕು. ಅಲ್ಲಿಯವರೆಗೆ ಪಿಸ್ತೂಲು ಕಪಾಟಿನಲ್ಲೇ. ಇಷ್ಟೆಲ್ಲ ಒದ್ದಾಡಿದ್ದು ಯಾಕೆ ಹಾಗಾದರೆ ಎಂದು ಬೆಳಿಗ್ಗೆ ತಿಂಡಿ ತಿನ್ನುವಾಗ ಅಕ್ಕನ ಮುಂದೆ ಹಾರಾಡಿದೆ.

ಅನುಷಾ ಕೋಟು ಹಾಕಿಕೊಳ್ಳುತ್ತಿದ್ದಳು. “ಮಾವ, ಡೆಟ್ರಾಯಿಟಲ್ಲಿ ಒಂದು ಮನೆ ತೋರಿಸೋದಿದೆ. ಬರ್ತೀರಾ?”

ಭಾವ ಅಭ್ಯಾಸಬಲದಿಂದ ಬೂಟು ಹುಡುಕಿದರು. “ನೀವು ಬೇಡ ಅಪ್ಪಾ,” ಎಂದಳು.

ಇಟ್ಟಿಗೆಯ ಎರಡಂತಸ್ತಿನ ಮನೆ, ಮುಂದೆ ಮೆಟ್ಟಿಲು, ಎರಡೂ ಪಕ್ಕದ ಸೈಟು ಖಾಲಿ. ಅನುಷಾ ಕಾರನ್ನು ತಿರುಗಿಸಿ, ಮೂತಿ ರಸ್ತೆಗೆ ಮಾಡಿ ನಿಲ್ಲಿಸಿದಳು. ನಾನು ಬಾಗಿಲು ತೆಗೆಯಲು ಹೋದೆ.

“ನೀವು ಇಲ್ಲೇ ಕೂತಿರಿ ಮಾವ.”

“ನಾನು ಬಾಗಿಲಲ್ಲಿ ನಿಂತಿರ್ತೀನಿ. ಮಾತಾಡಲ್ಲ.”

“ಮಾವ. ಪ್ಲೀಸ್.”

ಪೊಲೀಸರ ನಂಬರನ್ನು ನನ್ನ ಫೋನಿನಲ್ಲಿ ಒತ್ತಿ ತೋರಿಸಿಕೊಟ್ಟಳು. ಗಿರಾಕಿ ಬಂದ. ಎತ್ತರದ ಆಳು, ಟೋಪಿ, ಒಬ್ಬನೇ. ಮಾತಾಡಿಸಿ, ಅವನ ಗುರುತಿನ ಚೀಟಿ ಇಸಿದುಕೊಂಡು ಫೋಟೋ ತೆಗೆದುಕೊಂಡಳು. ಅವನೇನೂ ಬೇಸರ ಮಾಡಿಕೊಳ್ಳಲಿಲ್ಲ. ಬೀಗ ತೆಗೆದಳು. ಮೆಟ್ಟಿಲ ಮೇಲಿದ್ದ ಒಂದು ಇಟ್ಟಿಗೆಯನ್ನು ಕಾಲಿನ ತುದಿಯಿಂದ ತಳ್ಳಿ, ಬಾಗಿಲು ಮುಚ್ಚಿಕೊಳ್ಳದ ಹಾಗೆ ಅಡ್ಡಕೊಟ್ಟಳು. ಕೈ ಬೀಸಿ ಅವನನ್ನು ಮುಂದೆ ಬಿಟ್ಟಳು. ತಾನು ಹೊಸ್ತಿಲ ಮೇಲೆ ಒಂದು ಕ್ಷಣ ನಿಂತಳು. ಕೋಟಿನ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ಉಸಿರೆಳೆದುಕೊಂಡದ್ದು ಭುಜದಲ್ಲಿ ತಿಳಿಯಿತು.

ಆಮೇಲೆ ಒಳಗೆ ಹೋದಳು.

ನಾನು ಕಾರಿನ ಕಿಟಕಿ ಪೂರ್ತಿ ಇಳಿಸಿದೆ. ಚಳಿ ನುಗ್ಗಿತು. ತೆರೆದ ಬಾಗಿಲಿನಿಂದ ಖಾಲಿ ಮನೆಯ ಗೋಡೆಗಳಿಗೆ ಬಡಿದು ಅವಳ ದನಿ ಹೊರಗೆ ಬರುತ್ತಿತ್ತು: ಇದು ಹಾಲ್, ಇದು ಅಡುಗೆಮನೆ, ನಲ್ಲಿ ಹೊಸದು. ಅವನು ಏನೋ ಕೇಳಿದ. ಇಷ್ಟಕ್ಕೆ ಕೊಡುತ್ತೀರಾ ಎಂದು ಕಡಿಮೆ ಬೆಲೆ ಹೇಳಿರಬೇಕು. ಅವಳು ಉತ್ತರ ಕೊಡಲಿಲ್ಲ. ಒಳಗೆ ಬಹಳ ಹೊತ್ತು ಯಾರ ಮಾತೂ ಕೇಳಲಿಲ್ಲ. ನನ್ನ ಬೆರಳು ಆ ನಂಬರಿನ ಮೇಲೆಯೇ ಇತ್ತು.

ಕೊನೆಗೆ ಬಾಯಿಬಿಟ್ಟವನು ಅವನೇ. ಮೊದಲು ಹೇಳಿದ ಬೆಲೆಯನ್ನು ತಾನೇ ಸ್ವಲ್ಪ ಏರಿಸಿ ಹೇಳುತ್ತಿದ್ದ.